ನಗೆಯೂ ನಂಬಿಗೆಯೂ

ದೇವರ ವಿಷಯದಲ್ಲಿ ನಗಬಹುದೇ? ಈ ಪ್ರಶ್ನೆ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುವರು. ಇನ್ನು ಕೆಲವರು "ಇದಾವುದೋ ನಾಸ್ತಿಕನ ಲೇಖನ" ಎಂದು ಪುಟ ಮಗುಚಿ ಕವಿತೆಗಳ ಕಡೆಗೆ ಹೊರಟುಬಿಡುವರು. ಹೋಗುವ ಮುನ್ನ ಒಂದು ಗಳಿಗೆ ನಿಲ್ಲಬೇಕೆಂದು ಆ ಮಿತ್ರರಲ್ಲಿ ನನ್ನ ಬಿನ್ನಹ. ದೇವರಿದ್ದಾನೆಯೋ ಇಲ್ಲವೋ ಎಂಬ ವಾದಕ್ಕೆ ನಾನು ಇಳಿಯುವವನಲ್ಲ. ಅದು ಬಲ್ಲವರಿಗೇ ಬಗೆಹರಿಯದ ವಾದ. ನನ್ನ ಪ್ರಶ್ನೆ ಚಿಕ್ಕದು. ಪುರಾಣದ ಮಾತನ್ನು ಅಕ್ಷರಶಃ ನಂಬಬೇಕೇ? ಹಾಗೆ ನಂಬಿದಾಗ ಅದರ ಬೆಲೆಯನ್ನು ತೆರುವವರು ಯಾರು?

ಈ ವಿಚಾರ ನನ್ನ ತಲೆಯಲ್ಲಿ ಹೊಕ್ಕದ್ದು ಒಂದು ಚಿತ್ರದಿಂದ. ಅಮೇರಿಕೆಯಲ್ಲಿ 2008ರಲ್ಲಿ ತೆರೆಕಂಡ ಈ ಸಾಕ್ಷ್ಯಚಿತ್ರದ ಹೆಸರು "ರಿಲಿಜ್ಯುಲಸ್". ಧರ್ಮ ಎಂಬರ್ಥದ ಇಂಗ್ಲಿಷ್ ಶಬ್ದವನ್ನೂ ನಗೆಗೀಡು ಎಂಬರ್ಥದ ಶಬ್ದವನ್ನೂ ಒಂದಕ್ಕೊಂದು ಹೊಲಿದು ಮಾಡಿದ ಹೆಸರಿದು. ನಿರ್ದೇಶಕರು ಲ್ಯಾರಿ ಚಾರ್ಲ್ಸ್. ಊರೂರು ತಿರುಗಿ ಪ್ರಶ್ನೆ ಕೇಳುವವನು ಬಿಲ್ ಮಾಹೆರ್ ಎಂಬ ಹಾಸ್ಯಗಾರ. ಈತನ ತಂದೆ ಕ್ಯಾಥೊಲಿಕ್, ತಾಯಿ ಯೆಹೂದಿ. ಎರಡು ಮತಗಳ ನಡುವೆ ಬೆಳೆದ ಮಗ ಎರಡನ್ನೂ ಪ್ರಶ್ನಿಸಲು ಕಲಿತನೆಂದರೆ ಆಶ್ಚರ್ಯವಿಲ್ಲ.

ಚಿತ್ರದಲ್ಲಿ ನಾವು ಒಂದು ವಸ್ತುಸಂಗ್ರಹಾಲಯವನ್ನು ನೋಡುತ್ತೇವೆ. ಅದು ಕೆಂಟಕಿ ರಾಜ್ಯದಲ್ಲಿ 2007ರಲ್ಲಿ ಪ್ರಾರಂಭವಾದದ್ದು. ಜಗತ್ತಿಗೆ ಕೆಲವೇ ಸಾವಿರ ವರ್ಷಗಳ ವಯಸ್ಸೆಂದು ಅಲ್ಲಿ ನಂಬಿದ್ದಾರೆ. ಆದುದರಿಂದ ಮನುಷ್ಯನ ಮಕ್ಕಳೂ ಡೈನೋಸಾರ್‌ಗಳೂ ಅಲ್ಲಿ ಅಕ್ಕಪಕ್ಕದಲ್ಲಿ ಆಡುತ್ತಿರುವ ಗೊಂಬೆಗಳಿವೆ! ಓರ್ಲಾಂಡೋ ಪಟ್ಟಣದ ಒಂದು ವಿಹಾರಧಾಮದಲ್ಲಿ ನಟನೊಬ್ಬ ಆಗ ನಿತ್ಯವೂ ಪ್ರವಾಸಿಗರ ಮುಂದೆ ಏಸುವಿನ ವೇಷ ಕಟ್ಟಿ ಶಿಲುಬೆಗೇರುತ್ತಿದ್ದನು. ಇವುಗಳ ನಡುವೆ ಇಬ್ಬರು ಪಾದ್ರಿಗಳು ಬರುತ್ತಾರೆ. ಒಬ್ಬರು ವ್ಯಾಟಿಕನ್ನಿನ ಖಗೋಳ ವಿಜ್ಞಾನಿ ಜಾರ್ಜ್ ಕೊಯ್ನ್. ಧರ್ಮಗ್ರಂಥಗಳು ಹುಟ್ಟಿದ ಕಾಲವೇ ಬೇರೆ, ಆಧುನಿಕ ವಿಜ್ಞಾನ ಹುಟ್ಟಿದ ಕಾಲವೇ ಬೇರೆ, ಅದರಲ್ಲಿ ಇದನ್ನು ಹುಡುಕಬಾರದೆಂದು ಅವರು ಸಮಾಧಾನದಿಂದ ತಿಳಿಸುತ್ತಾರೆ. ಇನ್ನೊಬ್ಬರು ಲ್ಯಾಟಿನ್ ಪಂಡಿತ ರೆಜಿನಾಲ್ಡ್ ಫಾಸ್ಟರ್. ಹಳೆಯ ಕಥೆಗಳನ್ನು ಕುರಿತ ಪ್ರಶ್ನೆಗೆ ಈ ಮುದುಕರು ಹಾಸ್ಯಗಾರನಿಗಿಂತ ಜೋರಾಗಿ ತಾವೇ ನಗುತ್ತಾರೆ. ಇಡೀ ಚಿತ್ರದಲ್ಲಿ ನನಗೆ ಹಿಡಿಸಿದ್ದು ಆ ನಗೆ. ಅದು ಮನೆಯೊಳಗಿನವರ ನಗೆ.

ಚಿತ್ರದ ದೋಷವನ್ನೂ ಹೇಳಬೇಕು. ಲಾರಿ ಚಾಲಕರಿಗಾಗಿ ನಿಂತ ಒಂದು ಪುಟ್ಟ ಪ್ರಾರ್ಥನಾಮಂದಿರಕ್ಕೆ ಮಾಹೆರ್ ಹೋಗುತ್ತಾನೆ. ದಿನವಿಡೀ ದುಡಿದು ದಣಿದ ಬಡಜನ ಅವರು. ಚಟಪಟನೆ ಪ್ರಶ್ನೆ ಹಾಕಿ ಅವರನ್ನು ತಬ್ಬಿಬ್ಬುಗೊಳಿಸುವುದರಲ್ಲಿ ಯಾವ ಶೌರ್ಯವಿದೆ? ಒಬ್ಬ ಚಾಲಕ ಸಿಟ್ಟಿನಿಂದ ಎದ್ದುಹೋಗುತ್ತಾನೆ. ಉಳಿದವರು ಕೊನೆಗೆ ಈ ಪ್ರಶ್ನೆಗಾರನ ಸುತ್ತಲೂ ನಿಂತು ಅವನಿಗಾಗಿಯೇ ಪ್ರಾರ್ಥಿಸುತ್ತಾರೆ. ಆ ಗಳಿಗೆಯಲ್ಲಿ ದೊಡ್ಡವರಾಗಿ ಕಾಣುವವರು ಯಾರೆಂಬುದನ್ನು ನೋಡಿದವರೇ ನಿರ್ಣಯಿಸಲಿ.

ಈ ಹಾಸ್ಯಗಾರ ನಮ್ಮ ಸೀಮೆಗೆ ಬಂದವನಲ್ಲ. ಹಿಂದೂಗಳ ನಂಬಿಗೆಗಳ ಗೊಡವೆಗೆ ಅವನ ಚಿತ್ರ ಹೋಗಿಲ್ಲ. ಹಾಗೆಂದು ನಾವು ಪರರ ಮನೆಯ ದೋಸೆಯ ತೂತುಗಳನ್ನು ಎಣಿಸಿ ಸುಮ್ಮನೆ ಕೂಡ್ರಬಹುದೇ? ಅವನ ಪ್ರಶ್ನೆಯನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ತಂದು ಕೇಳಿಕೊಳ್ಳಬೇಕಾದವರು ನಾವೇ.

ಕೇಳಿದರೆ ಅದು ಪರದೇಶದ ಅನುಕರಣೆ ಎನ್ನುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು, ಕಲ್ಲಿನ ಹಾವಿಗೆ ನೈವೇದ್ಯವನ್ನೂ ಜೀವಂತ ಹಾವಿಗೆ ಬಡಿಗೆಯನ್ನೂ ಸಿದ್ಧಮಾಡಿಟ್ಟ ಜನರನ್ನು ಕಂಡು ನಕ್ಕರು. ಸರ್ವಜ್ಞ ಊರೂರು ತಿರುಗಿ ನಕ್ಕನು. ಅಷ್ಟು ದೂರವೇಕೆ? ನಮ್ಮ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಗೋಕಾವಿ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮ ಹಾಡಿ ಮೆರೆಸಿದ ಆಟವದು. ಒಂದು ಹೂವಿಗಾಗಿ ಇಬ್ಬರು ಹೆಂಡಿರ ನಡುವೆ ಸಿಕ್ಕಿ ಜಗದೊಡೆಯನಾದ ಕೃಷ್ಣ ಪಡುವ ಪಾಡನ್ನು ಕಂಡು ನಮ್ಮ ಹಿರಿಯರು ಬೆಳತನಕ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಭಾಗವತನ ಕುಚೋದ್ಯಕ್ಕೆ ದೇವರೂ ಹೊರತಲ್ಲ. ಕಡೆಗೆ ಮಂಗಳಾರತಿಯಾದಾಗ ಅದೇ ಜನ ಎದ್ದು ಕೈಮುಗಿಯುತ್ತಿದ್ದರು. ನಗೆಯಿಂದ ಅವರ ಭಕ್ತಿ ಸವೆಯಲಿಲ್ಲ. ಕಥೆಯನ್ನು ಕಥೆಯೆಂದು ಬಲ್ಲವರಿಗೆ ನಗುವುದಕ್ಕೂ ಬರುತ್ತಿತ್ತು, ಕೈಮುಗಿಯುವುದಕ್ಕೂ ಬರುತ್ತಿತ್ತು.

ಇನ್ನು ನಮ್ಮ ಗುಡ್ಡಕ್ಕೆ ಬರುವೆನು. ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಏರದ ಮನೆತನ ಈ ನಾಲ್ಕು ಊರುಗಳಲ್ಲಿ ವಿರಳ. ಭಾರತ ಹುಣ್ಣಿಮೆಯ ಜಾತ್ರೆಗೆ ಹೋಗುವ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲನ್ನೂ ಭಂಡಾರದ ಹಳದಿಯನ್ನೂ "ಉಧೋ ಉಧೋ" ಎಂಬ ಕೂಗನ್ನೂ ನಾನು ವರ್ಣಿಸಬೇಕಾಗಿಲ್ಲ. ಆ ತಾಯಿಯ ಕಥೆ ಎಲ್ಲರಿಗೂ ಗೊತ್ತು. ಜಮದಗ್ನಿಯ ಮಡದಿ ರೇಣುಕೆ ದಿನವೂ ಹೊಳೆಯ ದಂಡೆಯಲ್ಲಿ ಉಸುಕಿನಿಂದ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ, ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಗಂಧರ್ವರ ಜಲಕ್ರೀಡೆಯನ್ನು ಕಂಡು ಅವಳ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ಉಸುಕು ಕೊಡವಾಗಲಿಲ್ಲ. ಮುಂದಿನದು ಗಂಡನ ಸಿಟ್ಟು, ಮಗ ಪರಶುರಾಮನ ಕೊಡಲಿ.

ಒಮ್ಮೆ ನಮ್ಮ ಅಜ್ಜಿಯನ್ನು ಕೇಳಿದೆ: "ಆಯೀ, ಉಸುಕಿನ ಕೊಡದಾಗ ನೀರು ಹ್ಯಾಂಗ ನಿಲ್ತಿತ್ತು?"

ಅಜ್ಜಿ ನಕ್ಕಳು. "ಅದು ಕತಿಯೋ ತಮ್ಮಾ. ಆಕಿ ಮನಸ್ಸು ಅಷ್ಟ ಗಟ್ಟಿ ಇತ್ತಂತ ತಿಳಕೋಬೇಕು."

ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿ ವ್ಯಾಟಿಕನ್ನಿನ ಆ ಖಗೋಳ ವಿಜ್ಞಾನಿ ಹೇಳಿದ್ದನ್ನೇ ಹೇಳಿದ್ದಳು! ಹುರುಪಿನಿಂದ ಮತ್ತೆ ಕೇಳಿದೆ: "ಹಂಗಾದ್ರ ಹುಡುಗಿ ತಲ್ಯಾಗ ಜಡಿ ಬಂದ್ರ ಎಲ್ಲಮ್ಮ ಕರದಾಳ ಅಂತಾರಲ್ಲ, ಅದೂ ಕತಿ ಏನ?"

ಅಜ್ಜಿಯ ನಗೆ ನಿಂತಿತು. ಸೆರಗು ಸರಿಪಡಿಸಿಕೊಂಡು, "ಅದು ಬ್ಯಾರೆ" ಎಂದಳು. ಮುಂದೆ ಮಾತಾಡಲಿಲ್ಲ.

"ಅದು ಬ್ಯಾರೆ" ಎಂಬ ಈ ಎರಡು ಶಬ್ದಗಳಲ್ಲಿ ನನ್ನ ಲೇಖನದ ತಿರುಳೆಲ್ಲ ಇದೆ. ಏಕೆ ಬೇರೆ? ಸವದತ್ತಿಯ ಸಂತೆಯಲ್ಲಿ ಉಸುಕಿನ ಕೊಡ ಮಾರುವ ಕುಂಬಾರನನ್ನು ಯಾರೂ ಕಂಡಿಲ್ಲ. ನೀರಿಗೆ ಹೋಗುವ ಯಾವ ಹೆಣ್ಣುಮಗಳೂ ಸಿಂಬಿಗಾಗಿ ಹಾವನ್ನು ಹುಡುಕುವುದಿಲ್ಲ. ಅಲ್ಲೆಲ್ಲ ನಾವು ಬಲು ಜಾಣರು. ಅದು ಸಂಕೇತ, ಅದು ಕಥೆ ಎಂದು ಅರ್ಥಮಾಡಿಕೊಳ್ಳುತ್ತೇವೆ. ಆದರೆ ಎಣ್ಣೆ, ಬಾಚಣಿಕೆ ಕಾಣದೆ ಬಡವರ ಮಗುವಿನ ಕೂದಲು ಗಂಟುಬಿದ್ದಿತೆಂದರೆ ಕೂಡಲೇ ಕಥೆ ಕಾಯಿದೆಯಾಗುತ್ತದೆ. ಇದು ಜಡೆಯಲ್ಲ, ತಾಯಿಯ ಕರೆ. ಕತ್ತರಿಸಿದರೆ ಮನೆತನಕ್ಕೆ ಕೇಡು. ಹುಡುಗಿಗೆ ಮುತ್ತು ಕಟ್ಟಿ ದೇವರಿಗೆ ಬಿಡಬೇಕು! ಉಸುಕಿನ ಕೊಡವನ್ನು ಅಕ್ಷರಶಃ ನಂಬಿದರೆ ನಮಗೆ ನೀರು ಸಿಗುವುದಿಲ್ಲ, ಆದುದರಿಂದ ನಂಬುವುದಿಲ್ಲ. ಜಡೆಯನ್ನು ಅಕ್ಷರಶಃ ನಂಬಿದರೆ ಕೆಡುವುದು ದೀನದಲಿತರ ಮನೆಯ ಒಬ್ಬ ಹುಡುಗಿಯ ಬಾಳು, ಆದುದರಿಂದ ನಂಬಿಬಿಡುತ್ತೇವೆ. ಊರಿನ ಸಿರಿವಂತರ ಮನೆಯ ಎಷ್ಟು ಹೆಣ್ಣುಮಕ್ಕಳನ್ನು ಎಲ್ಲಮ್ಮ ಹೀಗೆ ಕರೆದಿದ್ದಾಳೆಂದು ಯಾರಾದರೂ ಲೆಕ್ಕ ಕೊಡಬಲ್ಲಿರಾ?

ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1934ರಲ್ಲಿಯೇ, ದೇವದಾಸಿ ಬಿಡುವುದನ್ನು ತಡೆಯಲು ಕಾಯಿದೆಯಾಯಿತು. ಕರ್ನಾಟಕ ಸರ್ಕಾರ 1982ರಲ್ಲಿ ಇನ್ನೊಂದು ಕಾಯಿದೆ ಮಾಡಿತು. ಆದರೂ 1993–94 ಮತ್ತು 2007–08ರ ಎರಡು ಸರ್ಕಾರಿ ಸಮೀಕ್ಷೆಗಳು ಕೂಡಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು. ಇದು ಬರಿಯ ಅಂಕಿಯಲ್ಲ. ಪ್ರತಿಯೊಂದು ಅಂಕಿಯ ಹಿಂದೆಯೂ ಶಾಲೆ ಬಿಟ್ಟ ಒಬ್ಬ ಹುಡುಗಿ, ಅರ್ಜಿಯ ಮೇಲೆ ತಂದೆಯ ಹೆಸರು ಬರೆಯಬೇಕಾದಾಗ ಪೆನ್ನು ನಿಲ್ಲಿಸಿದ ಒಂದು ಮಗು ಇದ್ದಿತು. ಅಂಥ ಮಕ್ಕಳು ನಮ್ಮಂಥ ಕಾಲೇಜುಗಳ ಬೆಂಚುಗಳ ಮೇಲೆಯೂ ಕುಳಿತಿದ್ದಾರೆ ಎಂಬುದನ್ನು ಮರೆಯಬಾರದು.

ಎಲ್ಲ ನಂಬಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ನನ್ನ ಅಭಿಪ್ರಾಯವಲ್ಲ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತಾರೆ. ಕಿತ್ತೂರಿಗಾಗಿ ಹೋರಾಡಿ 1831ರಲ್ಲಿ ಗಲ್ಲಿಗೇರಿದ ವೀರನವನು. ಅವನು ಬದುಕಿದ್ದಾಗ ಅವನಲ್ಲಿ ಜನ ಬೇಡಿದ್ದು ನಾಡಿನ ಬಿಡುಗಡೆಯನ್ನು. ಸತ್ತ ಮೇಲೆ ಬೇಡುತ್ತಿರುವುದು ತೊಟ್ಟಿಲಿಗೊಂದು ಕೂಸನ್ನು. ರಾಯಣ್ಣ ಇದನ್ನು ಕಂಡಿದ್ದರೆ ಮೀಸೆಯಡಿಯಲ್ಲಿ ನಗುತ್ತಿದ್ದನೋ ಏನೋ! ನಾವೂ ಮೆಲ್ಲಗೆ ನಕ್ಕು ಮುಂದೆ ಸಾಗಬಹುದು. ಆ ತೊಟ್ಟಿಲಿನಿಂದ ಯಾರ ಬಾಳೂ ಕೆಡಲಿಲ್ಲ. ದುಃಖದಲ್ಲಿದ್ದ ಒಬ್ಬ ತಾಯಿಗೆ ನಾಲ್ಕು ದಿನದ ಆಸೆ ಸಿಕ್ಕಿತು. ನಂಬಿಗೆಯ ಬೆಲೆಯನ್ನು ನಂಬುವವನೇ ತೆರುವುದಾದರೆ ನಮ್ಮ ನಗೆ ಮೆತ್ತಗಿರಲಿ. ಆ ಬೆಲೆಯನ್ನು ಇನ್ನೊಬ್ಬರ ತಲೆಗೆ, ಅದರಲ್ಲಿಯೂ ತಿಳಿವಳಿಕೆ ಬಾರದ ಮಗುವಿನ ತಲೆಗೆ ಕಟ್ಟುವುದಾದರೆ ನಗೆ ಹರಿತವಾಗಲೇಬೇಕು.

"ಭಾವನೆಗಳಿಗೆ ನೋವಾಗುವುದಿಲ್ಲವೇ?" ಎಂದು ಕೇಳುವವರುಂಟು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಇದೇ ರೇಣುಕೆಯ ಇನ್ನೊಂದು ನೆಲೆಯಾದ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ, 1986ರ ಮಾರ್ಚಿನಲ್ಲಿ, ಬೆತ್ತಲೆ ಸೇವೆಯನ್ನು ತಡೆಯಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಜನ ಮುಗಿಬಿದ್ದು ಅವರನ್ನೇ ಬೆತ್ತಲೆ ಮಾಡಿದರು. ಸರ್ಕಾರ ಆ ಸೇವೆಯನ್ನು ನಿಷೇಧಿಸಿದ್ದು ಸರಿಯೇ. ಆದರೆ ಹೊರಗಿನಿಂದ ಬಂದ "ಕೂಡದು" ಎಂಬ ಮಾತು ಮೊದಲು ಎಬ್ಬಿಸುವುದು ಸಿಟ್ಟನ್ನೇ ಎಂಬ ಪಾಠವೂ ಅಲ್ಲಿದೆ. ನಗೆಯಾದರೋ ಬಾಗಿಲನ್ನು ಒಡೆಯದೆ ಒಳಗೆ ಬರಬಲ್ಲದು.

ಅಂಥ ನಗೆಯನ್ನು ಬಲ್ಲವರಾಗಿದ್ದರು ಡಾ. ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಗಾಳಿಯಿಂದ ಉಂಗುರ ತೆಗೆಯುವವರು ಒಂದು ಕುಂಬಳಕಾಯಿಯನ್ನು ತೆಗೆದುಕೊಡಬಾರದೇಕೆ ಎಂಬ ಅವರ ಪ್ರಶ್ನೆ ನಾಡಿನಲ್ಲೆಲ್ಲ ಹಬ್ಬಿತು. ತೋಳಿನೊಳಗೆ ಉಂಗುರ ಅಡಗೀತು, ಕುಂಬಳಕಾಯಿ ಅಡಗುವುದಿಲ್ಲವಷ್ಟೆ! ನೂರು ಪುಟದ ಖಂಡನಗ್ರಂಥ ಮಾಡಲಾಗದ ಕೆಲಸವನ್ನು ಆ ಒಂದು ಕುಂಬಳಕಾಯಿ ಮಾಡಿತು. ಅದನ್ನು ಕೇಳಿದ ಹಳ್ಳಿಯವನೂ ಮೊದಲು ನಕ್ಕನು, ಆಮೇಲೆ ಯೋಚಿಸಿದನು.

ಆದರೆ ಪ್ರಶ್ನೆ ಕೇಳುವುದು ಅಗ್ಗದ ಕೆಲಸವೆಂದು ಭಾವಿಸುವಂತಿಲ್ಲ. ನಮ್ಮಿಂದ ಒಂದೆರಡು ತಾಸಿನ ಹಾದಿಯ ಧಾರವಾಡದಲ್ಲಿ, ವಚನ ಸಾಹಿತ್ಯಕ್ಕೂ ಶಾಸನಗಳಿಗೂ ತಮ್ಮ ಬಾಳನ್ನೇ ಮುಡಿಪಿಟ್ಟ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಬಸವಣ್ಣನವರು ನಕ್ಕು ಕೇಳಿದ ನಾಡಿನಲ್ಲಿ, ಅವರ ವಚನಗಳನ್ನು ಓದಿ ಕಲಿಸಿದ ಗುರುವಿಗೆ ದೊರೆತ ಉತ್ತರವದು. ನಗೆಗೆ ಬಂದೂಕು ಉತ್ತರವಾಗುವ ದಿನ ಧರ್ಮ ಗೆದ್ದಿತೆಂದು ಯಾವ ಭಕ್ತನೂ ಹೇಳಲಾರನು. ಮೂಢ ಆಚರಣೆಗಳನ್ನು ತಡೆಯುವ ಕಾಯಿದೆಯನ್ನು ನಮ್ಮ ರಾಜ್ಯ 2017ರಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2020ರಲ್ಲಿ. ಆದರೆ "ಅದು ಬ್ಯಾರೆ" ಎಂಬ ಎರಡು ಶಬ್ದಗಳನ್ನು ಯಾವ ಕಾಯಿದೆಯೂ ಹಿಡಿಯಲಾರದು. ಅದನ್ನು ಮನೆಯ ಮಕ್ಕಳೇ ಅಜ್ಜಿಯ ಪಕ್ಕದಲ್ಲಿ ಕುಳಿತು ಬಿಡಿಸಬೇಕು.

ನಗೆ ಮೊದಲು ನಮ್ಮಿಂದಲೇ ಪ್ರಾರಂಭವಾಗಲಿ. ಪರೀಕ್ಷೆಯ ಬೆಳಿಗ್ಗೆ ಕಾಯಿ ಒಡೆಸುವ ನಾವು, ದೇವರೇ ಪಾಸು ಮಾಡಿಸುವನಾದರೆ ಉತ್ತರಪತ್ರಿಕೆಗಳನ್ನು ನೇರವಾಗಿ ಗುಡ್ಡಕ್ಕೇ ಕಳಿಸಬಾರದೇಕೆಂದು ಕೇಳಿಕೊಂಡದ್ದುಂಟೇ? ವಿಜ್ಞಾನ ಓದಿಯೂ ಮೋಟಾರ್ ಸೈಕಲ್ಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವವರಿಗೆ, ಹರಕೆ ಹೊತ್ತ ಬಡ ಹೆಂಗಸನ್ನು ನೋಡಿ ನಗುವ ಅಧಿಕಾರ ಎಲ್ಲಿಂದ ಬಂತು? ತನ್ನನ್ನು ನೋಡಿ ನಗಲಾರದವನ ನಗೆ ಬರಿಯ ಅಹಂಕಾರ. ಆ ಅಮೇರಿಕನ್ ಚಿತ್ರ ಅಲ್ಲಲ್ಲಿ ಎಡವಿದ್ದು ಈ ಕಲ್ಲಿಗೇ ಎಂದು ನನಗೆ ತೋರುತ್ತದೆ.

ನಮ್ಮಲ್ಲಿ ಹಲವರ ಕಿಸೆಯಲ್ಲಿ ಈಗ ಚಿತ್ರ ತೆಗೆಯುವ ಮೊಬೈಲ್ ಇದೆ. ನಮ್ಮ ಕಾಲೇಜಿನ ಮಿತ್ರರೂ ಒಂದು ಪುಟ್ಟ ಚಿತ್ರ ತೆಗೆಯಬಾರದೇ? ಉಸುಕಿನ ಕೊಡ ಎಲ್ಲಿ ಸಿಕ್ಕೀತೆಂದು ಸವದತ್ತಿಯ ಸಂತೆಯಲ್ಲಿ ಗಂಭೀರವಾಗಿ ವಿಚಾರಿಸುತ್ತ ಹೋಗಿರಿ. ಜನ ನಗುವರು, ನಗಲಿ, ಅವರೊಂದಿಗೆ ನೀವೂ ನಗಿರಿ. ಆಮೇಲೆ ಜಡೆಯ ಮಾತನ್ನು ತೆಗೆಯಿರಿ, ಅವರು "ಅದು ಬ್ಯಾರೆ" ಎಂದಾಗ, "ಯಾಕ ಬ್ಯಾರೆ?" ಎಂದು ವಿನಯದಿಂದ ಒಮ್ಮೆ ಕೇಳಿರಿ. ಎಲ್ಲಮ್ಮನ ಮೇಲೆ ಭಕ್ತಿಯಿದ್ದವರು ಇದಕ್ಕೆ ಹೆದರಬೇಕಾಗಿಲ್ಲ. ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಹಿಕ್ಕಿ, ಹೆಣಲು ಹಾಕಿ ಶಾಲೆಗೆ ಕಳಿಸಿದರೆ ಯಾವ ತಾಯಿ ತಾನೆ ಸಿಟ್ಟಾಗುವಳು?