ನುಕ್ತಾ ಮೀನಿನ ಲೆಕ್ಕ

ಶಹಾಬಾದಿನ ಕಲ್ಲು ನಾಡಿಗೆಲ್ಲ ಪರಿಚಿತವಾದುದು. ಮನೆಯ ನೆಲಕ್ಕೂ ಗುಡಿಯ ಅಂಗಳಕ್ಕೂ ಅದನ್ನು ಹಾಸುತ್ತಾರೆ. ವಾಡಿ, ಸೇಡಂ, ಚಿತ್ತಾಪುರಗಳ ಸಿಮೆಂಟಿಗೆ ಒದಗುವ ಸುಣ್ಣಕಲ್ಲೂ ಅದರ ಬಳಗದ್ದೇ. ಭೂಶಾಸ್ತ್ರಜ್ಞರ ಮತದಂತೆ ಇದು ಒಂದಾನೊಂದು ಕಾಲದ ಕಡಲಿನ ತಳದಲ್ಲಿ ಕೂತ ಕೆಸರು. ಆದರೂ ಇದರ ಪದರಗಳನ್ನು ಎಷ್ಟು ಬಿಡಿಸಿದರೂ ಒಂದು ಮೀನಿನ ಮುಳ್ಳು ಸಿಕ್ಕದು. ಆ ಕಡಲಿನ ಕಾಲಕ್ಕೆ ಬೆನ್ನೆಲುಬುಳ್ಳ ಪ್ರಾಣಿಯೇ ಹುಟ್ಟಿರಲಿಲ್ಲ. ಈ ಸೀಮೆಯ ಮೀನುಗಳೆಲ್ಲ ಹೊಳೆಯ ಮಕ್ಕಳು. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾ ನದಿಯನ್ನು ಸೇರುತ್ತದೆ, ಕಾಗಿಣಾ ಮಳಖೇಡದ ಕೋಟೆಯ ಬದಿಯಲ್ಲಿ ಹರಿದು ಮುಂದೆ ಭೀಮೆಯನ್ನು ಕೂಡುತ್ತದೆ, ಭೀಮೆ ಕೃಷ್ಣೆಯನ್ನು.

ಈ ಕೃಷ್ಣೆಯ ಬಳಗವನ್ನೇ ತವರಾಗಿ ಉಳ್ಳ ಮೀನೊಂದಿದೆ. ಅದರ ಮೂತಿಯ ನಡುವೆ ಆಳವಾದ ಸೀಳು. ಸೀಳಿನ ಮೇಲ್ಭಾಗ ಕೊಂಬಿನ ಮೊಳಕೆಯಂತೆ ಮುಂದಕ್ಕೆ ಚಾಚಿರುತ್ತದೆ. ಬಂಡೆಗಳ ನಡುವಣ ಹರಿವೂ ಮಡುವೂ ಅದಕ್ಕೆ ಪ್ರಿಯ. ಕಲ್ಲಿಗಂಟಿದ ಪಾಚಿ ಅದರ ಆಹಾರ.

ಕುಂಪಣಿಯ ಸೇನೆಯಲ್ಲಿದ್ದ ಕರ್ನಲ್ ಸೈಕ್ಸ್ ಎಂಬಾತನು ದಖ್ಖನಿನ ಮೀನುಗಳನ್ನು ವರ್ಣಿಸಿದ ಬರಹ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಭೀಮೆಯ ಮೇಲ್ಹರಿವಿನ ಪ್ರದೇಶದಲ್ಲಿ ಮೀನುಗಾರರು ಯಾವ ಮೀನನ್ನು ಏನೆಂದು ಕರೆಯುತ್ತಿದ್ದರೋ ಅದನ್ನೇ ಅನೇಕ ಕಡೆ ಆತನು ಶಾಸ್ತ್ರದ ಹೆಸರಾಗಿಯೂ ಉಳಿಸಿದನು. ಸೀಳುಮೂತಿಯ ಈ ಮೀನು ಹಾಗೆ ‘ನುಕ್ತಾ’ ಆಯಿತು. ಮತ್ತೊಂದು ‘ಖುದ್ರಿ’, ಇನ್ನೊಂದು ‘ಪೊಟೈಲ್’. ಬಲೆ ಬೀಸುವವನ ಬಾಯಿಮಾತು ಇಂದಿಗೂ ವಿಜ್ಞಾನದ ಗ್ರಂಥಗಳಲ್ಲಿ ಉಳಿದುಬಂದಿದೆ. ಆ ಬರಹದ ಮೊದಲ ಪಂಡಿತರು ಮೀನುಗಾರರೇ ಎಂದರೆ ಅತಿಶಯೋಕ್ತಿಯಲ್ಲ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ನುಕ್ತಾ 2011ರಿಂದ ಅಳಿವಿನಂಚಿನ ಜೀವಿಗಳ ಸಾಲಿಗೆ ಸೇರಿದೆ. ನೀರಿನೊಳಗಿನ ಮೀನನ್ನು ಎಣಿಸಿದವರಾರು ಎಂದು ವಾಚಕರು ಕೇಳಬಹುದು. ಒಂದೊಂದಾಗಿ ಎಣಿಸುವ ಅಗತ್ಯವಿಲ್ಲ. ನಕ್ಷೆಯ ಮೇಲೆ 2 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲದ ಮನೆಗಳನ್ನು ಗೆರೆ ಎಳೆದು, ಜೀವಿ ನೆಲೆಸಿರುವುದು ತಿಳಿದ ಮನೆಗಳನ್ನು ಕೂಡಿಸುವ ಕ್ರಮವುಂಟು. ಮೊತ್ತ 500 ಚದರ ಕಿಲೋಮೀಟರಿಗಿಂತ, ಎಂದರೆ 125 ಮನೆಗಳಿಗಿಂತ, ಕಡಿಮೆಯಾಗಿ, ನೆಲೆಗಳು ಐದನ್ನು ಮೀರದೆ ಅಥವಾ ತೀರ ಚದುರಿಹೋಗಿ, ಇದ್ದ ನೆಲೆಯೂ ಕ್ಷೀಣಿಸುತ್ತಿದ್ದರೆ ಆ ಜೀವಿಗೆ ಈ ಪದವಿ ದೊರೆಯುತ್ತದೆ. ಪದವಿಯೆಂದರೆ ಸನ್ಮಾನವಲ್ಲ, ಎಚ್ಚರಿಕೆ.

ಕ್ಷೀಣಿಸಲು ಕಾರಣಗಳು ಗೂಢವಲ್ಲ. ಅಣೆಕಟ್ಟು ಕಟ್ಟಿದಲ್ಲಿ ಬಂಡೆಗಳ ಮೇಲಿನ ಹರಿವು ನಿಂತ ನೀರಾಗುತ್ತದೆ. ಮೇಲಕ್ಕೇರುವ ಮೀನಿನ ದಾರಿ ಮುಚ್ಚುತ್ತದೆ. ಭೀಮೆಗೆ ಅಡ್ಡಲಾಗಿ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು; ಮುಲ್ಲಾಮಾರಿಗೂ ಚಿಂಚೋಳಿ ತಾಲೂಕಿನಲ್ಲಿ ಕಟ್ಟೆ ಬಿದ್ದಿದೆ. ಕಟ್ಟೆ ರೈತನ ಹೊಲಕ್ಕೆ ನೀರು ಕೊಟ್ಟಿತೆಂಬುದನ್ನು ಮರೆಯಲಾಗದು; ಆದರೆ ಅದರ ಬೆಲೆಯನ್ನು ಹೊಳೆಯೂ ತೆತ್ತಿದೆ. ನಿಂತ ನೀರು ಹೊರಗಿನ ಮೀನಿಗೆ ಹಿತ. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕದ ತಿಲಾಪಿಯಾ ಇಂದು ದಕ್ಷಿಣದ ಕೆರೆ-ಜಲಾಶಯಗಳಲ್ಲಿ ಮನೆಯ ಯಜಮಾನನಂತೆ ವಾಸವಾಗಿದೆ. ಊರಿನ ಕೊಳೆ, ಮರಳು ತೆಗೆಯುವಿಕೆ, ಕಣ್ಣು ಸಣ್ಣದಾದ ಬಲೆ, ಇವು ಉಳಿದ ಕೆಲಸವನ್ನು ಪೂರೈಸುತ್ತವೆ.

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳದ ಮೀನು ಒಂದರ್ಥದಲ್ಲಿ ಭಾಗ್ಯಶಾಲಿ. ಅಲ್ಲಿ ಮುಳುಗುವವರು ಕ್ಯಾಮೆರಾದೊಡನೆ ಇಳಿಯುತ್ತಾರೆ. ಒಂದೊಂದು ಚಿತ್ರವೂ ಒಂದು ದಾಖಲೆ. ಮಳೆಗಾಲದ ಕಾಗಿಣೆಯ ಕೆಂಪು ನೀರಿನಲ್ಲಿ ಕ್ಯಾಮೆರಾ ಕುರುಡು. ಇಲ್ಲಿ ಕಂಡವನೆಂದರೆ ಬಲೆ ಹಾಕಿದವನೊಬ್ಬನೇ. ಅವನು ಕಂಡುದನ್ನು ಬರೆದಿಡದಿದ್ದರೆ ನಕ್ಷೆಯ ಮನೆ ಖಾಲಿಯಾಗಿಯೇ ಉಳಿಯುವುದು. ಇಲ್ಲವೆಂಬುದಕ್ಕೂ ಬರೆದಿಲ್ಲವೆಂಬುದಕ್ಕೂ ಅಂತರವುಂಟು; ಕಾಗದಕ್ಕೆ ಆ ಅಂತರ ತಿಳಿಯದು.

ಹೀಗೆ ಆಗುವುದು ಕಲ್ಪನೆಯಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ನೂರು ವರ್ಷಕ್ಕೂ ಮೇಲ್ಪಟ್ಟು ಗಾಳದವರಿಗೆ ಸುಪರಿಚಿತ. ಆದರೆ ಅದರ ಶಾಸ್ತ್ರೀಯ ಹೆಸರು ಯಾವುದೆಂದು ಖಚಿತವಾದುದು 2018ರಲ್ಲಿ. ಅದೇ ವರ್ಷ ಅದನ್ನು ಅತ್ಯಂತ ಗಂಭೀರ ಅಪಾಯದ ವರ್ಗಕ್ಕೆ ಸೇರಿಸಬೇಕಾಯಿತು. ಹೆಸರು ಪತ್ತೆಯಾಗುವಷ್ಟರಲ್ಲಿ ಮೀನು ಬಹುಮಟ್ಟಿಗೆ ಕರಗಿಹೋಗಿತ್ತು.

ಭೀಮೆ-ಕಾಗಿಣೆಗಳ ದಂಡೆಯ ಅಂಬಿಗರಲ್ಲಿ, ಕಬ್ಬಲಿಗರಲ್ಲಿ, ಮೀನಿನ ಹೆಸರು, ಅದು ಮೊಟ್ಟೆಯಿಡುವ ಕಾಲ, ಅದು ಸಿಕ್ಕುವ ಮಡು, ಇವನ್ನೆಲ್ಲ ಬಲ್ಲ ಹಿರಿಯರಿದ್ದಾರೆ. ಸೇಡಮಿನದೋ ಚಿತ್ತಾಪುರದದೋ ಒಂದು ಶಾಲೆಯ ಮಕ್ಕಳು ನೋಟುಪುಸ್ತಕ ಹಿಡಿದು ಅವರ ಬಳಿ ಕುಳಿತರೆ, ಸೈಕ್ಸನ ಬರಹ ಯಾವ ಬಾಯಿಂದ ಹುಟ್ಟಿತೋ ಅಂತಹ ಬಾಯಿಂದಲೇ ಅದರ ಮುಂದಿನ ಪುಟವೂ ಹುಟ್ಟೀತು. ಇದಕ್ಕೆ ಹಣ ಬೇಡ. ಹಿರಿಯರು ಇರುವಾಗಲೇ ಕೇಳಬೇಕು, ಅಷ್ಟೆ.