ಹೊಲ ಅಡ ಇಡುವ ಮುಂಚೆ ಹಡಗು ಎಲ್ಲಿ ಅಂತ ಕೇಳಿ

ಪಿಯುಸಿ ರಿಸಲ್ಟ್ ಬಂದರೆ ಸಾಕು, ನಮ್ಮ ತೆರಕಣಾಂಬಿ ಹೋಬಳಿಯ ಮೊಬೈಲುಗಳಿಗೆ ಬಿಳಿ ಯೂನಿಫಾರಂ ಹಾಕಿದ ಹುಡುಗರ ಫೋಟೊಗಳು ಬರತೊಡಗುತ್ತವೆ. ಭುಜದ ಮೇಲೆ ಚಿನ್ನದ ಪಟ್ಟಿ, ಹಿಂದೆ ನೀಲಿ ಸಮುದ್ರ, ಕೆಳಗೊಂದು ಫೋನ್ ನಂಬರು. ಮರ್ಚೆಂಟ್ ನೇವಿ, ಕೆಲಸ ಗ್ಯಾರಂಟಿ, ಡಾಲರ್ ಸಂಬಳ. ಫೋನ್ ಮಾಡಿದರೆ ‘ಎರಡೇ ಸೀಟು ಉಳಿದಿವೆ, ಇವತ್ತೇ ಅಡ್ವಾನ್ಸ್ ಹಾಕಿ’ ಅನ್ನುತ್ತಾರೆ.

ನಮ್ಮ ಜಗಳ ಈ ಅವಸರದ ಜತೆಗೆ, ಸಮುದ್ರದ ಜತೆಗಲ್ಲ. ಅರಿಶಿನ, ಈರುಳ್ಳಿ ಬೆಳೆಯುವ ಊರಿನ ಮಕ್ಕಳಿಗೆ ಹಡಗು ಯಾಕೆ ಅನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಮರ್ಚೆಂಟ್ ನೇವಿ ಅಂದರೆ ಯುದ್ಧದ ನೌಕಾಪಡೆಯಲ್ಲ, ಎಣ್ಣೆ, ಕಲ್ಲಿದ್ದಲು, ಗೊಬ್ಬರ, ಕಂಟೇನರ್ ಸಾಗಿಸುವ ಹಡಗುಗಳು. ಜಗತ್ತಿಗೆ ಹೆಚ್ಚು ನಾವಿಕರನ್ನು ಕೊಡುವ ಮೊದಲ ಐದು ದೇಶಗಳಲ್ಲಿ ಭಾರತವೂ ಒಂದು. ಅದರಲ್ಲಿ ಗುಂಡ್ಲುಪೇಟೆಯ ಹುಡುಗ, ಹುಡುಗಿಯರೂ ಇರಲಿ. ಆದರೆ ಅಪ್ಪನ ಹೊಲದ ಪತ್ರ ಸಾಲಗಾರನ ಪೆಟ್ಟಿಗೆಗೆ ಹೋದ ಮೇಲೆ ಮಗ ದಡದಲ್ಲೇ ಉಳಿಯಬಾರದು.

ದಡದಲ್ಲಿ ಉಳಿಯುವುದು ಹೇಗೆ ಅಂತ ಬಿಡಿಸಿ ಹೇಳುತ್ತೇವೆ.

ಹಡಗು ನಡೆಸುವ ಡೆಕ್ ಅಧಿಕಾರಿಯಾಗಲು ಒಂದು ವರ್ಷದ ಡಿಎನ್‌ಎಸ್ ಅಥವಾ ಮೂರು ವರ್ಷದ ಬಿಎಸ್‌ಸಿ ನಾಟಿಕಲ್ ಸೈನ್ಸ್ ಓದಬೇಕು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ ಶೇ. 60, ಇಂಗ್ಲಿಷಿನಲ್ಲಿ ಶೇ. 50 ಅಂಕ ಬೇಕು. ಪ್ರವೇಶಕ್ಕೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಸಿಇಟಿ ಬರೆಯಬೇಕು. ಇಷ್ಟನ್ನು ಏಜೆಂಟರೂ ಹೇಳುತ್ತಾರೆ.

ಅವರು ನುಂಗಿಕೊಳ್ಳುವುದು ಮುಂದಿನ ಭಾಗವನ್ನು. ಕೋರ್ಸ್ ಮುಗಿದರೆ ಯಾರೂ ಅಧಿಕಾರಿಯಾಗುವುದಿಲ್ಲ. ಡಿಎನ್‌ಎಸ್ ಓದಿದವರು 18 ತಿಂಗಳು, ಬಿಎಸ್‌ಸಿ ಓದಿದವರು 12 ತಿಂಗಳು ಹಡಗಿನಲ್ಲೇ ಕೆಡೆಟ್ ಆಗಿ ದುಡಿದು ಕಲಿಯಬೇಕು. ಆ ಸಮುದ್ರದ ದಿನಗಳ ಲೆಕ್ಕ ಸೇರದೆ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಆ ಪರೀಕ್ಷೆ ಪಾಸಾಗದೆ ಅಧಿಕಾರಿಯ ಕೆಲಸವಿಲ್ಲ. ಇಂಜಿನ್ ಕಡೆಯ ನಾಲ್ಕು ವರ್ಷದ ಬಿಟೆಕ್ ಓದಿದವರಿಗೂ 6 ತಿಂಗಳ ಹಡಗಿನ ತರಬೇತಿ ತಪ್ಪಿದ್ದಲ್ಲ.

ಕೆಡೆಟ್‌ಗೆ ಹಡಗಿನಲ್ಲಿ ಜಾಗ ಕೊಡುವುದು ಹಡಗು ಕಂಪನಿ. ಕಾಲೇಜಿನಲ್ಲಿ ಸೀಟು ಹೆಚ್ಚಿದಷ್ಟು ಸುಲಭವಾಗಿ ಹಡಗಿನಲ್ಲಿ ಕೆಡೆಟ್‌ನ ಮಂಚ ಹೆಚ್ಚುವುದಿಲ್ಲ. ಹಾಗಾಗಿ ಕೋರ್ಸ್ ಮುಗಿಸಿದವರು ಸರ್ಟಿಫಿಕೇಟ್ ಹಿಡಿದು ಮುಂಬೈನಲ್ಲಿ ಕಂಪನಿಯಿಂದ ಕಂಪನಿಗೆ ಅಲೆಯುತ್ತಾರೆ. ಬಡ್ಡಿ ಮಾತ್ರ ಊರಲ್ಲಿ ಕುಳಿತೇ ಬೆಳೆಯುತ್ತದೆ. ಆಗ ಎರಡನೇ ಏಜೆಂಟ್ ಬರುತ್ತಾನೆ: ‘ಇನ್ನಷ್ಟು ಕೊಡಿ, ಹಡಗು ಹತ್ತಿಸ್ತೀನಿ.’

ಈ ಎರಡನೇ ಸುಲಿಗೆ ಕಾನೂನಿಗೆ ವಿರುದ್ಧ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿದೆ. ಹಡಗಿನ ಕೆಲಸ ಕೊಡಿಸಲು ನಾವಿಕನಿಂದ ಫೀಸು ವಸೂಲಿ ಮಾಡುವಂತಿಲ್ಲ ಅನ್ನುತ್ತದೆ ಆ ಒಪ್ಪಂದ. ಪಾಸ್‌ಪೋರ್ಟು, ಮೆಡಿಕಲ್ ಸರ್ಟಿಫಿಕೇಟು, ನಾವಿಕರ ಪುಸ್ತಕವಾದ ಸಿಡಿಸಿ, ಇವುಗಳ ಖರ್ಚು ಮಾತ್ರ ನಮ್ಮದು. ನಾವಿಕರನ್ನು ಸೇರಿಸಿಕೊಡುವ ಸಂಸ್ಥೆಗೆ ಮುಂಬೈನ ಡಿ.ಜಿ. ಶಿಪ್ಪಿಂಗ್ ಕಚೇರಿ ಕೊಟ್ಟ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಲೇಬೇಕು. ಲೈಸೆನ್ಸ್ ಇದ್ದವನೂ ಕೆಲಸಕ್ಕೆಂದು ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಕೇಳಿದ ಅಂದರೆ ಅವನ ಕಥೆ ಅಲ್ಲಿಗೇ ಗೊತ್ತಾಯಿತು.

‘ಖರ್ಚು ಮಾಡದೆ ಯಾವ ಕೆಲಸ ಸಿಕ್ಕದೆ ಹೇಳಣ್ಣ?’ ಅಂತ ಕೇಳುವವರಿದ್ದಾರೆ. ಖರ್ಚು ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ತೆರಕಣಾಂಬಿ ಮಾರುಕಟ್ಟೆಯಲ್ಲಿ ಟೊಮೆಟೊ ಕೊಳ್ಳುವ ವ್ಯಾಪಾರಿ ಮೇಲಿನ ಸಾಲು ನೋಡಿ ದುಡ್ಡು ಎಣಿಸುತ್ತಾನೆಯೇ? ಕ್ರೇಟಿನ ತಳಕ್ಕೆ ಕೈ ಹಾಕುತ್ತಾನೆ. ಒಂದು ಕ್ರೇಟ್ ಟೊಮೆಟೊಗೆ ಇರುವ ಎಚ್ಚರ ಮಗನ ಬದುಕಿಗೆ, ಎರಡೆಕರೆ ಹೊಲಕ್ಕೆ ಬೇಡವೇ?

ತಳಕ್ಕೆ ಕೈ ಹಾಕುವುದು ಹೀಗೆ.

ಒಂದು, ಸ್ಪಾನ್ಸರ್‌ಶಿಪ್ ಪತ್ರ. ಹಡಗು ಕಂಪನಿಗಳೇ ಪರೀಕ್ಷೆ, ಸಂದರ್ಶನ ಮಾಡಿ ಹುಡುಗರನ್ನು ಆರಿಸಿ ಈ ಪತ್ರ ಕೊಡುತ್ತವೆ. ಪತ್ರ ಕೈಗೆ ಬಂದರೆ ಆ ಕಂಪನಿಗೇ ಬರೆದು ಅದು ನಿಜವೇ ಅಂತ ಕೇಳಿ. ಪತ್ರವಿಲ್ಲದೆ ಹೊಲ ಅಡ ಇಡಬೇಡಿ.

ಎರಡು, ಕಾಲೇಜಿನ ಹೆಸರು ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನ ಒಪ್ಪಿಗೆ ಪಟ್ಟಿಯಲ್ಲಿದೆಯೇ ನೋಡಿ. ಏಜೆಂಟ್ ಕಳಿಸಿದ ಫೋಟೊ ನಂಬಬೇಡಿ, ನೀವೇ ತೆರೆದು ನೋಡಿ.

ಮೂರು, ಕಣ್ಣು. ರಾತ್ರಿ ಎದುರಿನ ಹಡಗು ಯಾವ ಕಡೆ ತಿರುಗಿದೆ ಅಂತ ತಿಳಿಯುವುದು ಅದರ ಕೆಂಪು, ಹಸಿರು ದೀಪಗಳಿಂದ. ಬಣ್ಣಗುರುಡು ಇದ್ದವರನ್ನು ತೆಗೆದುಕೊಳ್ಳುವುದಿಲ್ಲ. ಡಿ.ಜಿ. ಶಿಪ್ಪಿಂಗ್ ಒಪ್ಪಿದ ವೈದ್ಯರ ಹತ್ತಿರ ಮೊದಲು ತಪಾಸಣೆ, ಆಮೇಲೆ ಫೀಸು.

ನಾಲ್ಕು, ಹಿಂದಿನ ಬ್ಯಾಚಿನಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಹಡಗು ಹತ್ತಿದರು? ಕಾಲೇಜು ಬರವಣಿಗೆಯಲ್ಲಿ ಕೊಡಲಿ. ಕೊಡದಿದ್ದರೆ ಅದೇ ಉತ್ತರ.

ಇಷ್ಟೆಲ್ಲ ಎಚ್ಚರವನ್ನು ಅಪ್ಪ ಅಮ್ಮಂದಿರ ತಲೆಗೇ ಕಟ್ಟಿ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕರಾವಳಿ ಇದೆ, ಪಣಂಬೂರಿನಲ್ಲಿ ದೊಡ್ಡ ಬಂದರಿದೆ. 2008ರಲ್ಲಿ ಶುರುವಾದ ಮ್ಯಾರಿಟೈಮ್ ಯೂನಿವರ್ಸಿಟಿಯ ಕ್ಯಾಂಪಸ್‌ಗಳಿರುವುದು ಚೆನ್ನೈ, ಕೊಚ್ಚಿ, ಕೋಲ್ಕತ್ತ, ಮುಂಬೈ, ನವಿ ಮುಂಬೈ, ವಿಶಾಖಪಟ್ಟಣದಲ್ಲಿ. ನಮ್ಮ ರಾಜ್ಯದಲ್ಲಿ ಒಂದೂ ಇಲ್ಲ. ಇದನ್ನು ಕೇಳಬೇಕಾದ ನಮ್ಮ ಸಂಸದರು, ಶಾಸಕರು ಕೇಳಲಿ.

ಅದು ದೊಡ್ಡ ಮಾತಾಯಿತು ಅನ್ನುವುದಾದರೆ ಸಣ್ಣದನ್ನು ಮಾಡಲಿ. ಪ್ರತಿ ಸರ್ಕಾರಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಲಿ: ಸಿಇಟಿಗೆ ಅರ್ಜಿ ಹಾಕುವುದು ಹೇಗೆ, ಒಪ್ಪಿಗೆ ಪಡೆದ ಕಾಲೇಜುಗಳು ಯಾವುವು, ಮೋಸ ಹೋದರೆ ದೂರು ಎಲ್ಲಿ. ಕನ್ನಡದಲ್ಲಿ. ಮುಂಬೈನ ಡಿ.ಜಿ. ಶಿಪ್ಪಿಂಗ್ ಪ್ರತಿ ಕಾಲೇಜಿನ ಹೆಸರಿನ ಪಕ್ಕ ಹಡಗು ಹತ್ತಿದವರ ಸಂಖ್ಯೆಯನ್ನೂ ಪ್ರಕಟಿಸಲಿ. ಆ ಒಂದು ಸಂಖ್ಯೆ ಕಣ್ಣಿಗೆ ಬಿದ್ದರೆ ಏಜೆಂಟರ ಅರ್ಧ ವ್ಯಾಪಾರ ನಿಂತುಹೋಗುತ್ತದೆ.

ಅಲ್ಲಿಯವರೆಗೆ, ಮನೆಗೆ ಏಜೆಂಟ್ ಬಂದರೆ ಕಾಫಿ ಕೊಡಿ, ಕೂರಿಸಿ. ‘ಕಾಲೇಜಿನ ಮಾತು ಆಮೇಲಪ್ಪ, ಹಡಗು ಯಾವುದು, ಕಂಪನಿ ಯಾವುದು, ಪತ್ರ ಎಲ್ಲಿ’ ಅಂತ ಕೇಳಿ. ಸಾಚಾ ಮನುಷ್ಯನಾದರೆ ಉತ್ತರ ಕೊಡುತ್ತಾನೆ. ಅಲ್ಲದವನು ಲೋಟ ಕೆಳಗಿಟ್ಟು ಎದ್ದು ಹೋಗುತ್ತಾನೆ. ಹೋಗಲಿ ಬಿಡಿ, ನಷ್ಟ ಒಂದು ಲೋಟ ಕಾಫಿ.