ಪ್ರಚಾರ ಮತ್ತು ಪ್ರಾಮಾಣಿಕತೆ

ಸಾರ್ವಜನಿಕ ಸಂಪರ್ಕವೆಂದರೆ ಬಣ್ಣದ ಮಾತಿನ ವ್ಯಾಪಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಈ ವೃತ್ತಿಯ ಆದ್ಯರಲ್ಲೊಬ್ಬನಾದ ಅಮೆರಿಕೆಯ ಐವಿ ಲೀ 1906ರಲ್ಲಿಯೇ, ಪತ್ರಿಕೆಗಳಿಗೆ ಮುಚ್ಚುಮರೆಯಿಲ್ಲದೆ ನಿಖರವಾದ ಮಾಹಿತಿಯನ್ನು ಒದಗಿಸುವುದೇ ತನ್ನ ಧ್ಯೇಯವೆಂದು ಸಾರಿದ್ದನು. ಅದೇ ಲೀ 1914ರಲ್ಲಿ ಕೊಲೊರಾಡೊದ ಗಣಿ ಮಾಲೀಕರ ಪರವಾಗಿ ಹೊರಡಿಸಿದ ಪತ್ರಕಗಳು ಮುಷ್ಕರದ ಮುಂದಾಳುಗಳ ಸಂಬಳವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸಿದವು. ಮಾಲೀಕರು ಕೊಟ್ಟುದನ್ನು ಪರಿಶೀಲಿಸದೆ ಬಳಸಿದ್ದಾಗಿ ಆತನೇ ಮರುವರ್ಷ ವಿಚಾರಣಾ ಆಯೋಗದೆದುರು ಒಪ್ಪಬೇಕಾಯಿತು.

ಪದವಿ ವ್ಯಾಸಂಗದ ಅಂಗವಾಗಿ ಇಂತಹ ಸಂಸ್ಥೆಯೊಂದರಲ್ಲಿ ಎರಡು ತಿಂಗಳು ತರಬೇತಿ ಪಡೆದಾಗ ಈ ಪ್ರಸಂಗದ ಅರ್ಥ ನನಗೆ ಮನದಟ್ಟಾಯಿತು. ಪತ್ರಿಕಾ ಪ್ರಕಟಣೆಯೊಂದರಲ್ಲಿ ‘ರಾಜ್ಯದಲ್ಲಿಯೇ ಪ್ರಥಮ’ ಎಂಬ ಮಾತಿಗೆ ಆಧಾರವೇನೆಂದು ಕೇಳಿದೆ. “ಕೊಟ್ಟುದನ್ನು ಬರೆದರೆ ಸಾಕು” ಎಂಬ ಉತ್ತರ ಬಂತು. ಭಾಷೆಯನ್ನು ತಿದ್ದಲು ಕಲಿಸಿದವರು ಸತ್ಯವನ್ನು ಶೋಧಿಸಲು ಬಿಡುವು ಕೊಡಲಿಲ್ಲ. ಇಂತಹ ತರಬೇತಿ ಕೈಯನ್ನು ಚುರುಕಾಗಿಸೀತು, ಮನಸ್ಸನ್ನು ಮೊಂಡಾಗಿಸುತ್ತದೆ.

ಇಂದು ಉದ್ಯಮಗಳನ್ನು ನಡೆಸುತ್ತಿರುವ ಈ ಶಾಲೆಯ ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಕಿರಿಯರನ್ನು ತರಬೇತಿಗೆ ಸೇರಿಸಿಕೊಂಡಾಗ ದುಡಿಮೆಗೆ ತಕ್ಕ ಸಂಭಾವನೆಯನ್ನು ಕೊಡಿರಿ, ಅದರೊಡನೆ “ಇದು ನಿಜವೆ?” ಎಂದು ಕೇಳುವ ಸ್ವಾತಂತ್ರ್ಯವನ್ನೂ ಕೊಡಿರಿ. ಶರಣರು ಕಾಯಕ ಸತ್ಯಶುದ್ಧವಾಗಿರಬೇಕೆಂದರು. ಬರೆಹದ ಕಾಯಕವೂ ಅದಕ್ಕೆ ಹೊರತಲ್ಲ.